ಜ್ಯೂರಿಕ್‌ನಲ್ಲಿ ಮೂರು ದಿನ, ನಿಧಾನವಾಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜ್ಯೂರಿಕ್‌ಗೆ ಬಂದು ಒಂಬತ್ತು ವರ್ಷ ಆಯಿತು, ಇದು ಸ್ವಿಟ್ಜರ್ಲೆಂಡಿನ ಊರು. ಊರ ಕಡೆಯಿಂದ ನೆಂಟರು, ಸ್ನೇಹಿತರು, ಸ್ನೇಹಿತರ ಅಕ್ಕ-ಭಾವಂದಿರು ಬರುತ್ತಲೇ ಇರುತ್ತಾರೆ. ಬರುವ ಮೊದಲು ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಎರಡು-ಮೂರು ದಿನ ಒಂದೇ ಊರಲ್ಲಿ ಆರಾಮಾಗಿ ಇರಬೇಕು ಅನ್ನುವವರಿಗೆ ಇದು. ಹತ್ತು ದಿನದಲ್ಲಿ ಆರು ದೇಶ ನೋಡುವವರಿಗೆ ಜಾಸ್ತಿ ಉಪಯೋಗ ಆಗಲಿಕ್ಕಿಲ್ಲ.

ಜ್ಯೂರಿಕ್‌ನಲ್ಲಿ ನೋಡೋಕೆ ಏನಿದೆ? ಎಲ್ಲರೂ ಅಲ್ಲಿ ಇಳಿದು ನೇರ ಬೆಟ್ಟದ ಕಡೆ ಹೋಗ್ತಾರಲ್ವಾ?

ಹೌದು, ತುಂಬಾ ಜನ ಹಾಗೇ ಮಾಡುತ್ತಾರೆ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಮೊದಲ ಸಲ ಬಂದಾಗ ಟಿಟ್ಲಿಸ್, ಯುಂಗ್‌ಫ್ರಾವ್, ರೈನ್ ಜಲಪಾತ ಅಂತ ಮೂರು ದಿನಕ್ಕೆ ಪಟ್ಟಿ ಹಿಡಿದುಕೊಂಡೇ ಬಂದರು. ನಾನೂ ಬೇಡ ಅನ್ನಲಿಲ್ಲ. ಬೆಳಗ್ಗೆ ಆರಕ್ಕೆ ರೈಲು, ರಾತ್ರಿ ಒಂಬತ್ತಕ್ಕೆ ವಾಪಸ್. ಯುಂಗ್‌ಫ್ರಾವ್ ಮೇಲೆ ಮೋಡ ಮುಚ್ಚಿಕೊಂಡು ಏನೂ ಕಾಣಲಿಲ್ಲ. ಕೊನೆಯ ದಿನ ಏರ್‌ಪೋರ್ಟಿಗೆ ಹೊರಡಲು ಇನ್ನೂ ಎರಡು ಗಂಟೆ ಇತ್ತು, ಸುಮ್ನೆ ಸರೋವರದ ದಡಕ್ಕೆ ಕರೆದುಕೊಂಡು ಹೋದೆ. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಸೀರೆ ನೆರಿಗೆ ಸ್ವಲ್ಪ ಮೇಲೆ ಹಿಡಿದು, ಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟರು. ಎರಡು ಹಂಸ ಹತ್ತಿರ ಬಂದು ನೋಡಿ ಹೋದವು. 'ಇಲ್ಲಿಗೆ ಮೊದಲನೇ ದಿನವೇ ಯಾಕೆ ಕರ್ಕೊಂಡು ಬರಲಿಲ್ಲ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಬಂದವರನ್ನೆಲ್ಲ ಮೊದಲು ಅದೇ ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತೇನೆ.

ಇಲ್ಲಿ ನೋಡಬೇಕಾದ್ದು ಮೊದಲಿಗೆ ಈ ನೀರು. ಸರೋವರದ ತುದಿಯಲ್ಲೇ ಊರಿದೆ, ಅಲ್ಲಿಂದ ಲಿಮ್ಮಾಟ್ ನದಿ ಹೊರಟು ಹಳೇ ಊರಿನ ನಡುವೆ ಹರಿಯುತ್ತದೆ. ರೈಲು ನಿಲ್ದಾಣದಿಂದ ನದಿ ಪಕ್ಕದಲ್ಲೇ ನಡೆದರೆ ಇಪ್ಪತ್ತು ನಿಮಿಷದಲ್ಲಿ ಸರೋವರದ ಮುಂದೆ ಇರುತ್ತೀರಿ.

ಎಷ್ಟು ದಿನ ಸಾಕು?

ಮೂರು ರಾತ್ರಿ. ಎರಡೇ ರಾತ್ರಿ ಸಿಕ್ಕರೂ ಬನ್ನಿ, ಆದರೆ ಆಗ ಪಟ್ಟಿ ಇನ್ನೂ ಸಣ್ಣದು ಮಾಡಿ. ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಬೆಳಗ್ಗೆ ಒಂದೇ ಒಂದು ಕೆಲಸ ಇಟ್ಟುಕೊಳ್ಳಿ, ಮಧ್ಯಾಹ್ನದ ನಂತರ ಖಾಲಿ ಬಿಡಿ. ಖಾಲಿ ಬಿಟ್ಟ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಯಾವ ತಿಂಗಳು ಬಂದರೆ ಒಳ್ಳೆಯದು?

ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಊಟ ಮುಗಿಸಿ ಮತ್ತೆ ದಡಕ್ಕೆ ಬಂದು ಕೂರಬಹುದು. ಜುಲೈ, ಆಗಸ್ಟ್‌ನಲ್ಲಿ ಸರೋವರದ ನೀರು 20 ಡಿಗ್ರಿ ದಾಟುತ್ತದೆ. ಆಗಸ್ಟ್‌ನಲ್ಲಿ ಸ್ಟ್ರೀಟ್ ಪರೇಡ್ ಅಂತ ಒಂದು ಶನಿವಾರ ಸರೋವರದ ಸುತ್ತ ಸಂಗೀತದ ದೊಡ್ಡ ಮೆರವಣಿಗೆ ನಡೆಯುತ್ತದೆ, ಲಕ್ಷಗಟ್ಟಲೆ ಜನ. ಆರಾಮ ಬೇಕು ಅಂದರೆ ಆ ವಾರಾಂತ್ಯ ತಪ್ಪಿಸಿ, ರೂಮಿನ ಬೆಲೆಯೂ ಏರಿರುತ್ತದೆ.

ನವೆಂಬರ್‌ನಿಂದ ಜನವರಿವರೆಗೆ ಊರ ಮೇಲೆ ಬೂದು ಮೋಡ ದಿನಗಟ್ಟಲೆ ಕದಲದೆ ನಿಲ್ಲುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಬಿಸಿ ಬಿಸಿ ಚೆಸ್ಟ್‌ನಟ್ ಪೊಟ್ಟಣ ಹಿಡಿದುಕೊಂಡು ನಡೆಯುವ ಖುಷಿ ಇದೆ, ಆದರೂ ಮೊದಲ ಸಲಕ್ಕೆ ಬೇಸಿಗೆಯೇ ಒಳ್ಳೆಯದು.

ವೀಸಾ ಹೇಗೆ?

ಭಾರತದ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ಬೇಸಿಗೆಗೆ ಬರುವವರು ಎರಡು-ಮೂರು ತಿಂಗಳು ಮೊದಲೇ ಸ್ಲಾಟ್ ನೋಡಿ. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸರ್ವಿಸ್ ಚಾರ್ಜ್ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು, ದೆಹಲಿಗೆ ಹೋಗಬೇಕಿಲ್ಲ. ಬೇರೆ ದೇಶಕ್ಕೂ ಹೋಗುವುದಿದ್ದರೆ, ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶದ ವೀಸಾಗೆ ಅರ್ಜಿ ಹಾಕಿ.

ಏರ್‌ಪೋರ್ಟಿನಿಂದ ಊರೊಳಗೆ ಬರೋದು ಕಷ್ಟವಾ? ಟ್ಯಾಕ್ಸಿ ಬುಕ್ ಮಾಡಬೇಕಾ?

ಬೇಡ. ಏರ್‌ಪೋರ್ಟಿನ ಕೆಳಗೇ ರೈಲು ನಿಲ್ದಾಣ ಇದೆ. ಹತ್ತು-ಹನ್ನೆರಡು ನಿಮಿಷದಲ್ಲಿ ಮುಖ್ಯ ನಿಲ್ದಾಣದಲ್ಲಿ ಇಳಿಯುತ್ತೀರಿ, ಟಿಕೆಟ್ ಸುಮಾರು 7 ಫ್ರಾಂಕ್ (ಇಲ್ಲಿನ ಹಣ). ಟ್ಯಾಕ್ಸಿಗೆ ಇದರ ಎಷ್ಟೋ ಪಟ್ಟು ಕೊಡಬೇಕು. ಹತ್ತನೇ ನಂಬರಿನ ಟ್ರಾಮ್ ಕೂಡ ಬರುತ್ತದೆ, ಅದು ನಿಧಾನ, ಆದರೆ ಕಿಟಕಿ ಪಕ್ಕ ಕೂತು ಊರು ನೋಡಿಕೊಂಡು ಬರಬಹುದು.

ಎಲ್ಲಿ ಉಳಿದುಕೊಳ್ಳೋದು?

ಎಂಗೆ ಅಥವಾ ಝೇಫೆಲ್ಡ್. ಎರಡೂ ಸರೋವರಕ್ಕೆ ಅಂಟಿಕೊಂಡಿರುವ ಬಡಾವಣೆಗಳು, ಒಂದು ಈ ದಡ, ಇನ್ನೊಂದು ಆ ದಡ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು ನೀರಿನ ಹತ್ತಿರ ಹೋಗಿ ಬರಬಹುದು. ಹಳೇ ಊರಿನ ನೀಡರ್‌ಡೋರ್ಫ್ ಕಡೆ ಚೆನ್ನಾಗಿದೆ, ಆದರೆ ರಾತ್ರಿ ಗಲಾಟೆ, ಸೂಟ್‌ಕೇಸ್ ಎಳೆಯಲು ಕಲ್ಲು ಹಾಸಿನ ಏರು ಬೇರೆ. ಲಾಂಗ್‌ಸ್ಟ್ರಾಸೆ ರಾತ್ರಿಯೆಲ್ಲ ಎಚ್ಚರ ಇರುವ ಬೀದಿ, ನಿದ್ದೆ ಬೇಕಾದವರಿಗೆ ಅಲ್ಲ. ಎಲ್ಲೂ ರೂಮ್ ಸಿಗದಿದ್ದರೆ ಓರ್ಲಿಕಾನ್ ನೋಡಿ, ಏರ್‌ಪೋರ್ಟಿಗೂ ಊರಿಗೂ ನಡುವೆ ಇದೆ, ರೈಲು ಬರುತ್ತಲೇ ಇರುತ್ತದೆ.

ಟ್ರಾಮ್ ಟಿಕೆಟ್ ತಲೆಕೆಡಿಸುತ್ತೆ. ಜ್ಯೂರಿಕ್ ಕಾರ್ಡ್ ತಗೋಬೇಕಾ?

ಟಿಕೆಟ್ ಎಲ್ಲ ಝೋನ್ ಲೆಕ್ಕ. ಊರೊಳಗಿನದು 110ನೇ ಝೋನ್. ಒಂದೇ ಟಿಕೆಟ್ ಟ್ರಾಮ್, ಬಸ್, ಲೋಕಲ್ ರೈಲು, ಬೋಟ್ ಎಲ್ಲದಕ್ಕೂ ನಡೆಯುತ್ತದೆ, ಝೋನ್ ಸರಿ ಇದ್ದರೆ ಸಾಕು. 24 ಗಂಟೆಯ ಟಿಕೆಟ್ ಬೆಲೆ ಎರಡು ಬಿಡಿ ಟಿಕೆಟ್ ಬೆಲೆಗೆ ಸಮ. ಅಂದರೆ ದಿನಕ್ಕೆ ಮೂರು ಸಲ ಟ್ರಾಮ್ ಹತ್ತಿದರೂ ಅದೇ ಲಾಭ. ಕೊಂಡ ಹೊತ್ತಿನಿಂದ 24 ಗಂಟೆ ಲೆಕ್ಕ, ಹಾಗಾಗಿ ಇವತ್ತು ಮಧ್ಯಾಹ್ನ ಕೊಂಡದ್ದು ನಾಳೆ ಮಧ್ಯಾಹ್ನದವರೆಗೂ ಬರುತ್ತದೆ.

ಬಾಗಿಲಲ್ಲಿ ಯಾರೂ ಟಿಕೆಟ್ ಕೇಳುವುದಿಲ್ಲ, ಗೇಟೂ ಇಲ್ಲ. ಆದರೆ ಸಾದಾ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತಿದ್ದವರು ಇದ್ದಕ್ಕಿದ್ದಂತೆ ಕಾರ್ಡ್ ತೋರಿಸಿ ಟಿಕೆಟ್ ಕೇಳುತ್ತಾರೆ. ಬಂದ ಹೊಸದರಲ್ಲಿ ಒಂದು ಝೋನ್ ಕಡಿಮೆ ಕೊಂಡು ನಾನು ಸಿಕ್ಕಿಬಿದ್ದೆ. ನೂರು ಫ್ರಾಂಕ್ ಹತ್ತಿರ ದಂಡ, ಗೊತ್ತಿರಲಿಲ್ಲ ಅಂದರೆ ನಡೆಯಲಿಲ್ಲ. ಮಷೀನಿನಲ್ಲಿ ಝೋನ್ ನಂಬರ್ ನೆನಪಿಟ್ಟುಕೊಳ್ಳುವುದಕ್ಕಿಂತ ಹೋಗುವ ಜಾಗದ ಹೆಸರನ್ನೇ ಒತ್ತಿ, ಅದೇ ಲೆಕ್ಕ ಹಾಕುತ್ತದೆ.

ಜ್ಯೂರಿಕ್ ಕಾರ್ಡ್ 24 ಅಥವಾ 72 ಗಂಟೆಗೆ ಸಿಗುತ್ತದೆ. ಏರ್‌ಪೋರ್ಟ್ ರೈಲು, ಊಟ್ಲಿಬರ್ಗ್ ಗುಡ್ಡ, ಸಣ್ಣ ಬೋಟ್ ಸುತ್ತು ಎಲ್ಲ ಅದರಲ್ಲೇ ಬರುತ್ತದೆ, ಮ್ಯೂಸಿಯಂಗಳಲ್ಲಿ ರಿಯಾಯಿತಿಯೂ ಇದೆ. ಇವೆಲ್ಲ ಮಾಡುವವರು ಕಾರ್ಡ್ ತಗೊಳ್ಳಿ. ದಡದಲ್ಲಿ ಕೂರುವುದೇ ಜಾಸ್ತಿ ಅನ್ನುವವರಿಗೆ ದಿನದ ಟಿಕೆಟ್ ಸಾಕು.

ಮೊದಲ ದಿನ ಏನು ಮಾಡೋದು?

ನಿದ್ದೆ ಕೆಟ್ಟಿರುತ್ತದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಇಲ್ಲಿ ಭಾರತಕ್ಕಿಂತ ಹಿಂದೆ. ರೂಮಿಗೆ ಬ್ಯಾಗ್ ಹಾಕಿ ಸರೋವರದ ದಡದ ಬ್ಯುರ್ಕ್ಲಿಪ್ಲಾಟ್ಸ್‌ಗೆ ಬನ್ನಿ. ಈ ದಡ ತಾನಾಗಿ ಇದ್ದದ್ದಲ್ಲ. ಅರ್ನಾಲ್ಡ್ ಬ್ಯುರ್ಕ್ಲಿ ಅನ್ನುವ ಇಂಜಿನಿಯರ್ ಮುಂದೆ ನಿಂತು, 1880ರ ದಶಕದಲ್ಲಿ ನೀರಿಗೆ ಮಣ್ಣು ತುಂಬಿ, ಸಾಮಾನ್ಯ ಜನ ಓಡಾಡಲಿ ಅಂತ ಸಾಲುಮರ, ಉದ್ಯಾನ, ಸೇತುವೆ ಎಲ್ಲ ಮಾಡಿಸಿದರು, 1887ರಲ್ಲಿ ತೆರೆಯಿತು. ಜಾಗಕ್ಕೆ ಅವರದೇ ಹೆಸರು. ಇಷ್ಟು ದುಬಾರಿ ಊರಲ್ಲಿ ಇಷ್ಟು ಚೆಂದದ ದಡಕ್ಕೆ ಇವತ್ತಿಗೂ ಯಾರೂ ಒಂದು ಪೈಸೆ ಕೇಳುವುದಿಲ್ಲ. ಅದನ್ನು ನೆನೆದಾಗೆಲ್ಲ ಆ ಮನುಷ್ಯನ ಮೇಲೆ ಗೌರವ ಬರುತ್ತದೆ.

ಅಲ್ಲಿಂದ ಬಲಕ್ಕೆ, ನೀರಿನ ಅಂಚಿನಲ್ಲೇ ಹತ್ತು ನಿಮಿಷ ನಡೆದರೆ ಆರ್ಬೊರೇಟಂ ಅಂತ ದೊಡ್ಡ ಮರಗಳ ಹುಲ್ಲುಹಾಸು. ಅಲ್ಲಿ ಕೂತು ದಕ್ಷಿಣದ ಕಡೆ ನೋಡಿ. ಫ್ಯೋನ್ ಅನ್ನುವ ಬೆಚ್ಚನೆ ಗಾಳಿ ಬೀಸುವ ದಿನ ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಹಿಮದ ಬೆಟ್ಟಗಳು ಎದ್ದು ಸರೋವರದ ಆಚೆ ತುದಿಗೇ ಬಂದು ನಿಂತ ಹಾಗೆ ಕಾಣುತ್ತವೆ. ಆ ದಿನ ಸಿಕ್ಕರೆ ಬೇರೆ ಯಾವ ಕೆಲಸ ಇದ್ದರೂ ಬಿಟ್ಟುಬಿಡಿ.

ಹಳೇ ಊರಲ್ಲಿ ಮೂರು ಚರ್ಚ್ ಇದೆಯಲ್ಲ, ಮೂರನ್ನೂ ನೋಡಬೇಕಾ?

ಹೊರಗಿನಿಂದ ಮೂರೂ ಕಾಣುತ್ತವೆ. ಒಳಗೆ ಹೋಗುವುದು ಒಂದೇ ಅಂದರೆ ಫ್ರಾವ್‌ಮ್ಯುನ್‌ಸ್ಟರ್‌ಗೆ ಹೋಗಿ. ಇದು 853ರಲ್ಲಿ ಶುರುವಾದ ಸನ್ಯಾಸಿನಿಯರ ಮಠ, ಒಂದು ಕಾಲಕ್ಕೆ ಇಲ್ಲಿನ ಮುಖ್ಯಸ್ಥೆಯೇ ಊರಿನ ಒಡತಿ, ನಾಣ್ಯ ಹೊಡೆಸುವ ಹಕ್ಕೂ ಅವರದೇ. ಈಗ ಜನ ಬರುವುದು ಹೆಸರಾಂತ ಚಿತ್ರಕಾರ ಮಾರ್ಕ್ ಶಗಾಲ್ ಮಾಡಿಕೊಟ್ಟ ಐದು ಗಾಜಿನ ಕಿಟಕಿ ನೋಡಲು. 1970ರಲ್ಲಿ ಅವನ್ನು ಕೂರಿಸಿದಾಗ ಶಗಾಲ್‌ಗೆ ಎಂಬತ್ತು ದಾಟಿತ್ತು. ಕೆಂಪು, ನೀಲಿ, ಹಸಿರು, ಹಳದಿ, ಒಂದೊಂದು ಕಿಟಕಿಗೆ ಒಂದೊಂದು ಬಣ್ಣ ಮುಖ್ಯ. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆಗೆದ ಕೂಡಲೇ ಹೋಗಿ, ಬೆಳಕು ಆ ಕಡೆಯಿಂದಲೇ ಬರುತ್ತದೆ. ಮೋಡ ಸರಿದಾಗ ಹಳದಿ ಕಿಟಕಿ ಥಟ್ಟನೆ ಹೊತ್ತಿಕೊಳ್ಳುತ್ತದೆ, ಮತ್ತೆ ಮೋಡ ಬಂದಾಗ ನೀಲಿಯೇ ಮುಂದೆ ಬರುತ್ತದೆ. ಅಮ್ಮ ಬಂದಿದ್ದಾಗ ಮುಕ್ಕಾಲು ಗಂಟೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಹೋಗಲು ಸಣ್ಣ ಶುಲ್ಕ ಇದೆ, ಕೊಡಿ.

ಎದುರು ದಡದ ಗ್ರೋಸ್‌ಮ್ಯುನ್‌ಸ್ಟರ್‌ಗೆ ಎರಡು ಗೋಪುರ. 1519ರಲ್ಲಿ ಝ್ವಿಂಗ್ಲಿ ಇಲ್ಲಿ ಪಾದ್ರಿಯಾಗಿ ಬಂದ ಮೇಲೆ ಸ್ವಿಸ್ ಧರ್ಮಸುಧಾರಣೆ ಶುರುವಾಗಿದ್ದು. ಮಂಡಿ ಗಟ್ಟಿ ಇದ್ದವರು 187 ಮೆಟ್ಟಿಲು ಹತ್ತಿ, ಮೇಲಿನಿಂದ ನದಿ, ಸರೋವರ ಸೇರುವ ಜಾಗ ಪೂರ್ತಿ ಕಾಣುತ್ತದೆ. ಸೇಂಟ್ ಪೀಟರ್ ಚರ್ಚಿನದು ದೊಡ್ಡ ಗಡಿಯಾರ, ಮುಖದ ಅಗಲವೇ ಎಂಟೂವರೆ ಮೀಟರ್‌ಗಿಂತ ಜಾಸ್ತಿ. ಕೆಳಗೆ ನಿಂತು ನೋಡಿದರೆ ಆಯಿತು.

ಬೋಟ್‌ನಲ್ಲಿ ಹೋಗಲೇಬೇಕಾ? ಎಷ್ಟು ಹೊತ್ತಿನದು?

ಹೋಗಲೇಬೇಕು. ಬ್ಯುರ್ಕ್ಲಿಪ್ಲಾಟ್ಸ್‌ನಿಂದ ಹೊರಡುವ ಸಣ್ಣ ಸುತ್ತು ಒಂದೂವರೆ ಗಂಟೆಯದು. ಒಂದು ಪೂರ್ತಿ ದಿನ ಕೊಡುವುದಾದರೆ ರಾಪರ್ಸ್‌ವಿಲ್‌ವರೆಗೆ ಹೋಗಿ, ಒಂದು ಕಡೆಗೆ ಎರಡು ಗಂಟೆ ಹತ್ತಿರ ಆಗುತ್ತದೆ. ಬೋಟ್ ಈ ದಡದ ಹಳ್ಳಿ, ಆ ದಡದ ಹಳ್ಳಿ ಅಂತ ನಿಲ್ಲುತ್ತಾ ಹೋಗುತ್ತದೆ, ಜನ ಬ್ಯಾಗ್ ಹಿಡಿದುಕೊಂಡು, ನಾಯಿ ಹಿಡಿದುಕೊಂಡು ಹತ್ತಿ ಇಳಿಯುತ್ತಾರೆ. ರಾಪರ್ಸ್‌ವಿಲ್‌ನಲ್ಲಿ ಪುಟ್ಟ ಕೋಟೆ, ಗುಲಾಬಿ ತೋಟ, ಮತ್ತೆ ನೀರಿನ ಮೇಲೆ 841 ಮೀಟರ್ ಉದ್ದದ ಮರದ ಕಾಲುಸೇತುವೆ ಇದೆ, 2001ರಲ್ಲಿ ಕಟ್ಟಿದ್ದು. ವಾಪಸ್ ಬರುವಾಗ ರೈಲು ಹತ್ತಿ, ನಲವತ್ತು ನಿಮಿಷದೊಳಗೆ ಊರಲ್ಲಿ ಇರುತ್ತೀರಿ. ಎರಡೂ ಕಡೆ ಬೋಟ್ ಅಂದರೆ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ.

ನೀರಿಗೆ ಇಳಿಯಬಹುದಾ? ಚೊಕ್ಕ ಇರುತ್ತಾ?

ಊರಿನ ಕುಡಿಯುವ ನೀರಿನಲ್ಲಿ ಸುಮಾರು ಶೇಕಡಾ 70 ಭಾಗ ಇದೇ ಸರೋವರದಿಂದ ಶುದ್ಧ ಮಾಡಿ ತರುವುದು, ಅಷ್ಟು ಚೊಕ್ಕ. ಬೇಸಿಗೆ ಸಂಜೆ ಆಫೀಸ್ ಮುಗಿಸಿದವರು ಬ್ಯಾಗಿನಲ್ಲೇ ಟವೆಲ್ ಇಟ್ಟುಕೊಂಡು ಬಂದು ಧುಮುಕುತ್ತಾರೆ. ಈಜುವ ಕಟ್ಟೆಗಳಿಗೆ ಇಲ್ಲಿ 'ಬಾಡಿ' ಅನ್ನುತ್ತಾರೆ. ಉಟೋಕ್ವಾಯ್‌ನಲ್ಲಿರುವುದು ಹಳೆಯ ಮರದ ಕಟ್ಟಡ, ಬಿಸಿಲಿಗೆ ಕಾದ ಹಲಗೆ ಮೇಲೆ ಮಲಗಿದರೆ ಕೆಳಗೆ ನೀರು ಬಡಿಯುವ ಸದ್ದು ಬೆನ್ನಿಗೇ ತಾಗುತ್ತದೆ.

ನಮ್ಮ ಹೆಂಗಸರಿಗೆ ನಾನು ತಪ್ಪದೆ ಹೇಳುವುದು ಫ್ರಾವನ್‌ಬಾಡ್. 1888ರದು, ಲಿಮ್ಮಾಟ್ ಮೇಲೆ ತೇಲುವ ಮನೆಯ ಹಾಗೆ ಇದೆ, ಹಗಲು ಹೊತ್ತು ಹೆಂಗಸರಿಗೆ ಮಾತ್ರ. ಈಜು ಬಾರದಿದ್ದರೂ ಹೋಗಿ ಕೂರಬಹುದು. ನನ್ನ ಅಕ್ಕ ಈಜುಡುಗೆ ಅಂದರೆ ಸಂಕೋಚ ಪಡುತ್ತಿದ್ದವಳು, ಅಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಆರಾಮಾಗಿ ನೀರಿಗಿಳಿಯುವುದನ್ನು ನೋಡಿ ಎರಡನೇ ದಿನ ತಾನೂ ಇಳಿದಳು.

ನದಿಯಲ್ಲಿ, ಓಬರರ್ ಲೆಟ್ಟನ್ ಕಡೆ, ಸೆಳೆತ ಇದೆ. ಅಲ್ಲಿ ಚೆನ್ನಾಗಿ ಈಜು ಬರುವವರು ಮಾತ್ರ ಇಳಿಯಿರಿ.

ಸಸ್ಯಾಹಾರಿಗಳು ಊಟಕ್ಕೆ ಏನು ಮಾಡಬೇಕು?

ಈ ವಿಷಯದಲ್ಲಿ ಜ್ಯೂರಿಕ್ ನಮ್ಮವರಿಗೆ ಒಳ್ಳೆಯ ಊರು. ಹಿಲ್ಟ್ಲ್ ಅನ್ನುವ ಸಸ್ಯಾಹಾರಿ ಹೋಟೆಲ್ 1898ರಿಂದ ನಡೆಯುತ್ತಿದೆ, ಜಗತ್ತಿನಲ್ಲೇ ಬಿಡದೆ ನಡೆದು ಬಂದ ಅತಿ ಹಳೆಯ ಸಸ್ಯಾಹಾರಿ ಹೋಟೆಲ್ ಅಂತ ಗಿನ್ನೆಸ್ ದಾಖಲೆ. ಆ ಮನೆಯ ಸೊಸೆ ಮಾರ್ಗ್ರಿತ್ ಹಿಲ್ಟ್ಲ್ 1951ರಲ್ಲಿ ದೆಹಲಿಯ ವಿಶ್ವ ಸಸ್ಯಾಹಾರ ಸಮ್ಮೇಳನಕ್ಕೆ ಹೋಗಿ, ನಮ್ಮ ಅಡುಗೆ ಮೆಚ್ಚಿ, ಮಸಾಲೆ ಕಟ್ಟಿಕೊಂಡು ವಾಪಸ್ ಬಂದರು. ಇವತ್ತಿಗೂ ಬಫೆಯಲ್ಲಿ ಭಾರತದ ಪಲ್ಯ, ದಾಲ್ ಇರುತ್ತವೆ. ತಟ್ಟೆ ತೂಗಿ ದುಡ್ಡು ತಗೊಳ್ಳುತ್ತಾರೆ, ಹಾಗಾಗಿ ಹಸಿವಿಗೆ ತಕ್ಕಷ್ಟು ಬಡಿಸಿಕೊಳ್ಳಿ, ರುಚಿ ನೋಡಿ ಮತ್ತೆ ಹೋಗಬಹುದು.

ಬೆಳಗ್ಗೆಗೆ ಬಿರ್ಖರ್‌ಮ್ಯೂಸ್ಲಿ ತಿನ್ನಿ. ಓಟ್ಸ್, ತುರಿದ ಸೇಬು, ಹಾಲು, ಬೀಜಗಳು. 1900ರ ಸುಮಾರಿಗೆ ಇದೇ ಊರಿನ ಡಾಕ್ಟರ್ ಮ್ಯಾಕ್ಸ್ ಬಿರ್ಖರ್-ಬೆನ್ನರ್ ರೋಗಿಗಳಿಗೆ ಅಂತ ಮಾಡಿದ್ದು. ರೋಷ್ಟಿ ಅಂದರೆ ತುರಿದ ಆಲೂಗಡ್ಡೆಯ ದಪ್ಪ ರೊಟ್ಟಿ, ಅದನ್ನು ಹೇಳುವಾಗ 'ಓನೆ ಶ್ಪೆಕ್' ಅನ್ನಿ, ಇಲ್ಲದಿದ್ದರೆ ಹಂದಿ ಮಾಂಸದ ಚೂರು ಹಾಕಿರಬಹುದು. ಮಡಿ ಜಾಸ್ತಿ ಇರುವವರಿಗೆ ಒಂದು ಮಾತು: ಗ್ರುಯೇರ್ ಥರದ ಚೀಸ್‌ಗೆ ಹಾಲು ಒಡೆದು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಖರ್ಚು ಜೇಬು ಸುಡುತ್ತಾ?

ಸುಡುತ್ತದೆ. ಒಂದು ಫ್ರಾಂಕ್ ಅಂದರೆ ನೂರು ರೂಪಾಯಿಗೂ ಜಾಸ್ತಿ, ಒಂದು ಕಾಫಿಗೆ ಐದಾರು ಫ್ರಾಂಕ್, ಹೋಟೆಲಲ್ಲಿ ಸಾದಾ ಊಟಕ್ಕೆ 25 ಫ್ರಾಂಕ್ ಹಿಡಿಯಿರಿ. ಉಳಿಸುವ ದಾರಿಯೂ ಇದೆ. ಊರಲ್ಲಿ 1200ಕ್ಕೂ ಜಾಸ್ತಿ ಕಾರಂಜಿ, ನಲ್ಲಿಗಳಿವೆ, ಎಲ್ಲದರ ನೀರೂ ಕುಡಿಯಬಹುದು, ಬಾಟಲಿ ಇಟ್ಟುಕೊಳ್ಳಿ, ನೀರು ಕೊಳ್ಳಲೇಬೇಡಿ. ಮಧ್ಯಾಹ್ನದ ಊಟಕ್ಕೆ ಮಿಗ್ರೋಸ್, ಕೋಪ್ ಅಂಗಡಿಯಿಂದ ಬ್ರೆಡ್, ಚೀಸ್, ಹಣ್ಣು, ಮೊಸರು ತಂದು ದಡದಲ್ಲಿ ಕೂತು ತಿನ್ನಿ. ಇಲ್ಲಿನವರೂ ಅದನ್ನೇ ಮಾಡುತ್ತಾರೆ. ಬೆಟ್ಟದ ರೈಲಿಗೆ ಸುರಿಯುವ ದುಡ್ಡು ಉಳಿದರೆ ಅದರಲ್ಲಿ ಸರೋವರದ ಹತ್ತಿರ ಒಳ್ಳೆಯ ರೂಮ್ ಸಿಗುತ್ತದೆ. ನನ್ನ ಪ್ರಕಾರ ಆ ದುಡ್ಡಿಗೆ ಅದೇ ಸರಿಯಾದ ಜಾಗ.

ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಟಿಪ್ಸ್ ಕಡ್ಡಾಯ ಅಲ್ಲ.

ಅಪ್ಪ-ಅಮ್ಮ ಜೊತೆಗಿದ್ದಾರೆ, ಮಂಡಿ ನೋವು. ಅವರಿಗೆ ಆಗುತ್ತಾ?

ಆಗುತ್ತದೆ. ಸರೋವರದ ದಡ ಪೂರ್ತಿ ಸಮತಟ್ಟು, ಹೆಜ್ಜೆಗೊಂದು ಬೆಂಚು. ಮೇಲಿನಿಂದ ಊರು ನೋಡಲು ಪೊಲಿಬಾನ್ ಹತ್ತಿಸಿ, 1889ರಿಂದ ಓಡುತ್ತಿರುವ ಪುಟ್ಟ ಕೆಂಪು ಹಗ್ಗದ ರೈಲು, ಎರಡು-ಮೂರು ನಿಮಿಷದಲ್ಲಿ ಇ.ಟಿ.ಎಚ್. ವಿಶ್ವವಿದ್ಯಾಲಯದ ಅಂಗಳಕ್ಕೆ ಬಿಡುತ್ತದೆ. ಐನ್‌ಸ್ಟೈನ್ ಓದಿದ್ದು ಇಲ್ಲೇ. ಅಂಗಳದ ಕಟ್ಟೆಯಿಂದ ಹಳೇ ಊರು ಪೂರ್ತಿ ಕಾಣುತ್ತದೆ. ಲಿಂಡೆನ್‌ಹೋಫ್ ಗುಡ್ಡವೂ ಚೆಂದ, ರೋಮನ್ನರ ಕೋಟೆ ಇದ್ದ ಜಾಗ, ಈಗ ಮರದ ನೆರಳಲ್ಲಿ ಮೊಣಕಾಲೆತ್ತರದ ಕಾಯಿಗಳಲ್ಲಿ ಚೆಸ್ ಆಡುತ್ತಿರುತ್ತಾರೆ. ಅಲ್ಲಿಗೆ ಏರು ದಾರಿ, ಅವಸರ ಮಾಡದೆ ಹತ್ತಿಸಿ.

ಮಳೆ ಬಂದರೆ?

ರೀಟ್‌ಬರ್ಗ್ ಮ್ಯೂಸಿಯಂ. ಏಳನೇ ನಂಬರಿನ ಟ್ರಾಮ್ ಹತ್ತಿರದಲ್ಲೇ ಬಿಡುತ್ತದೆ, ಸೋಮವಾರ ರಜೆ. ಉದ್ಯಾನದ ನಡುವೆ ಹಳೇ ಬಂಗಲೆ, 1952ರಿಂದ ಮ್ಯೂಸಿಯಂ ಆಗಿದೆ. ಭಾರತದ ವಿಗ್ರಹ, ಪಹಾಡಿ ಚಿತ್ರಗಳ ದೊಡ್ಡ ಸಂಗ್ರಹ ಇದೆ. ಚೋಳರ ಕಾಲದ ಕಂಚಿನ ನಟರಾಜನ ಮುಂದೆ, ಇಷ್ಟು ದೂರದ ಊರಲ್ಲಿ, ನಿಂತಾಗ ಏನೋ ಒಂಥರಾ ಆಗುತ್ತದೆ. ಸ್ವಿಸ್ ಕಲಾವಿದೆ ಆಲಿಸ್ ಬೋನರ್ 1936ರಿಂದ ನಲವತ್ತು ವರ್ಷ ಕಾಶಿಯ ಗಂಗೆ ದಡದಲ್ಲಿ ಮನೆ ಮಾಡಿಕೊಂಡಿದ್ದವರು, ಅವರು ಕೂಡಿಸಿದ ಚಿತ್ರಗಳೂ ಇಲ್ಲಿಗೆ ಬಂದಿವೆ.

ಬೆಟ್ಟ ಬೇಡವೇ ಬೇಡ ಅಂತೀರಾ?

ಊರಿನದೇ ಒಂದಿದೆ, ಊಟ್ಲಿಬರ್ಗ್, ಸುಮಾರು 870 ಮೀಟರ್. ಮುಖ್ಯ ನಿಲ್ದಾಣದಿಂದ ಎಸ್10 ರೈಲು ಅರ್ಧ ಗಂಟೆಯೊಳಗೆ ಮೇಲೆ ಬಿಡುತ್ತದೆ, ಅಲ್ಲಿಂದ ಹತ್ತು ನಿಮಿಷ ಏರು. ಊರೊಳಗಿನ ಟಿಕೆಟ್ ಸಾಲದು, ಊಟ್ಲಿಬರ್ಗ್ ಅಂತಲೇ ಒತ್ತಿ ತಗೊಳ್ಳಿ. ಚಳಿಗಾಲದಲ್ಲಿ ಕೆಳಗೆ ಮಂಜು ಮುಚ್ಚಿದ್ದರೂ ಮೇಲೆ ಎಷ್ಟೋ ಸಲ ಬಿಸಿಲಿರುತ್ತದೆ. ನಡೆಯುವ ಆಸೆ ಇದ್ದವರಿಗೆ ಅಲ್ಲಿಂದ ಫೆಲ್ಸೆನೆಗ್‌ವರೆಗೆ ಗ್ರಹಗಳ ದಾರಿ ಇದೆ, ಸೂರ್ಯ, ಗ್ರಹಗಳ ಮಾದರಿಗಳನ್ನು ಅಳತೆಗೆ ತಕ್ಕ ದೂರದಲ್ಲಿ ಇಟ್ಟಿದ್ದಾರೆ, ಒಂದು ಮೀಟರ್ ಅಂದರೆ ಹತ್ತು ಲಕ್ಷ ಕಿಲೋಮೀಟರ್. ಮಕ್ಕಳು ಸೂರ್ಯನಿಂದ ಭೂಮಿಗೆ ಹೆಜ್ಜೆ ಎಣಿಸಿಕೊಂಡು ಹೋಗುತ್ತಾರೆ. ಫೆಲ್ಸೆನೆಗ್‌ನಿಂದ ಇಳಿಯಲು ಕೇಬಲ್ ಕಾರ್.

ಟಿಟ್ಲಿಸ್, ಯುಂಗ್‌ಫ್ರಾವ್ ನೋಡಲೇಬೇಕು ಅಂದರೆ ಆ ಕಡೆಯೇ ಎರಡು ರಾತ್ರಿ ಉಳಿಯಿರಿ. ಇಲ್ಲಿಂದ ಹೋಗಿ ಬರುವ ಆಟ ಬೇಡ.

ಭಾನುವಾರ ಬಂದರೆ ಎಲ್ಲ ಮುಚ್ಚಿರುತ್ತಾ?

ಅಂಗಡಿಗಳು ಮುಚ್ಚಿರುತ್ತವೆ. ಮುಖ್ಯ ನಿಲ್ದಾಣದ ಒಳಗೆ, ಏರ್‌ಪೋರ್ಟಿನಲ್ಲಿ ತೆರೆದಿರುತ್ತವೆ, ಹಾಲು-ಬ್ರೆಡ್‌ಗೆ ತೊಂದರೆ ಇಲ್ಲ. ಚಾಕೊಲೇಟ್, ಉಡುಗೊರೆ ಎಲ್ಲ ಶನಿವಾರವೇ ಮುಗಿಸಿ.

ಸಾಮಾನಿನಲ್ಲಿ ಮರೆಯಬಾರದ್ದು ಏನು?

ಟವೆಲ್, ನೀರಿನ ಬಾಟಲಿ, ತೆಳುವಾದ ಮಳೆ ಜಾಕೆಟ್. ಇಲ್ಲಿನ ಪ್ಲಗ್ ಬೇರೆ. ನಮ್ಮ ಮೊಬೈಲ್ ಚಾರ್ಜರಿನ ಸಣ್ಣ ಎರಡು ಪಿನ್ ಕೂರುತ್ತದೆ, ಆದರೆ ಯುರೋಪಿನದು ಅಂತ ಮಾರುವ ದಪ್ಪ ಗುಂಡನೆಯ ಅಡಾಪ್ಟರ್ ಗೋಡೆಯ ಸಾಕೆಟ್ಟಿಗೆ ಹೋಗುವುದಿಲ್ಲ. ಸ್ವಿಸ್ ಅಂತ ಕೇಳಿಯೇ ತಗೊಳ್ಳಿ.

ಕೊನೆಯ ದಿನ ವಿಮಾನ ಸಂಜೆಗೆ. ಅಲ್ಲಿಯವರೆಗೆ ಬ್ಯಾಗ್ ಏನು ಮಾಡೋದು?

ಮುಖ್ಯ ನಿಲ್ದಾಣದಲ್ಲಿ ಲಾಕರ್‌ಗಳಿವೆ, ಅಲ್ಲಿಟ್ಟು ಕೈ ಬೀಸಿಕೊಂಡು ಹೊರಡಿ. ಮಂಗಳವಾರ ಅಥವಾ ಶುಕ್ರವಾರ ಆಗಿದ್ದರೆ ಬೆಳಗ್ಗೆ ಹನ್ನೊಂದರೊಳಗೆ ಬ್ಯುರ್ಕ್ಲಿಪ್ಲಾಟ್ಸ್ ಸಂತೆಗೆ ಹೋಗಿ. ಸುತ್ತಲ ಹಳ್ಳಿಯ ರೈತರು ಹೂವು, ತರಕಾರಿ, ಬ್ರೆಡ್ ತಂದಿರುತ್ತಾರೆ. ಜೂನ್‌ನಲ್ಲಿ ಚೆರ್ರಿ ಬಂದಿದ್ದರೆ ಕಾಲು ಕಿಲೋ ತಗೊಂಡು, ಪಕ್ಕದ ಕಾರಂಜಿಯಲ್ಲಿ ತೊಳೆದು, ಎದುರಿನ ಮೆಟ್ಟಿಲ ಮೇಲೆ ಕೂತು ತಿನ್ನಿ. ಏರ್‌ಪೋರ್ಟ್ ರೈಲು ಹತ್ತೇ ನಿಮಿಷದ್ದು, ಹಾಗಾಗಿ ವಿಮಾನಕ್ಕೆ ಮೂರು ಗಂಟೆ ಮೊದಲು ಎದ್ದು ಹೊರಟರೆ ಸಾಕು.